ಹೃದಯದೊಳಗಿನ ಗಡ್ಡೆ: ಜಾತಿಗಿಂತ ಜಾಗ ಮುಖ್ಯ

ಮುಂಬೈನ ಪರೇಲ್‌ನಲ್ಲಿ ಕ್ಯಾನ್ಸರ್‌ಗೆ ಹೆಸರಾದ ಟಾಟಾ ಆಸ್ಪತ್ರೆಯೂ ಪಾಲಿಕೆಯ ಕೆಇಎಂ ಆಸ್ಪತ್ರೆಯೂ ಹೆಚ್ಚುಕಡಿಮೆ ಎದುರುಬದುರು. ಗಡ್ಡೆ ಅಂತ ಡಾಕ್ಟರು ಹೇಳಿದ ಕೂಡಲೇ ನಮ್ಮ ಜನ ಟಾಟಾದ ಕಡೆ ಹೊರಳುತ್ತಾರೆ. ಗದಗ, ವಿಜಯಪುರ, ಕಲಬುರಗಿಯಿಂದ ರೈಲು ಹಿಡಿದು ಬಂದವರಾಗಲಿ, ಡೊಂಬಿವಲಿಯಲ್ಲಿ ಮೂರು ತಲೆಮಾರಿನಿಂದ ನೆಲೆಸಿದವರಾಗಲಿ, ಎಲ್ಲರದ್ದೂ ಅದೇ ಲೆಕ್ಕ. ಬಾಯಿ, ಗಂಟಲು, ಸ್ತನದ ಗಡ್ಡೆಗೆ ಆ ಲೆಕ್ಕ ಸರಿ. ಹೃದಯದ ಗಡ್ಡೆಗೆ ಮಾತ್ರ ಅದು ಹೊಂದುವುದಿಲ್ಲ.

ಹೃದಯದಲ್ಲೇ ಹುಟ್ಟುವ ಗಡ್ಡೆಗಳಲ್ಲಿ ನಾಲ್ಕರಲ್ಲಿ ಮೂರು ಕ್ಯಾನ್ಸರ್ ಅಲ್ಲ. ಆದರೂ ಅವು ಜೀವ ತೆಗೆಯಬಲ್ಲವು. ಹೊಟ್ಟೆಯಲ್ಲೋ ಬೆನ್ನಲ್ಲೋ ಇದ್ದಿದ್ದರೆ ವರ್ಷಗಟ್ಟಲೆ ಸುಮ್ನೆ ಬಿಟ್ಟುಬಿಡಬಹುದಾದ ಸಾಧು ಗಡ್ಡೆ, ಹೃದಯದ ಕೋಣೆಯೊಳಗೆ ಬೆಳೆದರೆ ಅದೇ ವಾರ ಆಪರೇಷನ್ ಬೇಡುತ್ತದೆ. ಇಲ್ಲಿ ಗಡ್ಡೆಯ ಜಾತಿಗಿಂತ ಅದು ಕೂತ ಜಾಗ ದೊಡ್ಡದು. ಇದೊಂದು ತಲೆಗೆ ಹೋದರೆ ಸರ್ಜನ್ನರ ಅವಸರ ಯಾಕೆ, ಎಚ್ಚರಿಕೆ ಯಾಕೆ ಎಂಬುದು ತಾನಾಗಿ ಅರ್ಥವಾಗುತ್ತದೆ.

ನಾನು ಮುಂಬೈನ ಒಂದು ಆಸ್ಪತ್ರೆಯಲ್ಲಿ ಹಾರ್ಟ್-ಲಂಗ್ ಮಷಿನ್ ನಡೆಸುವವನು. ಆಸ್ಪತ್ರೆಯಲ್ಲಿ ನಮ್ಮನ್ನು ಪರ್ಫ್ಯೂಷನಿಸ್ಟ್ ಅನ್ನುತ್ತಾರೆ, ಊರಲ್ಲಿ ಯಾರಿಗೂ ಆ ಕೆಲಸ ಏನೆಂದು ಗೊತ್ತಿಲ್ಲ. ಹೃದಯ ನಿಲ್ಲಿಸಿದಾಗ ಮೈಗೆಲ್ಲ ರಕ್ತ ಹರಿಸುವುದು ನಮ್ಮ ಜವಾಬ್ದಾರಿ. ಬೈಪಾಸ್, ವಾಲ್ವ್ ಕೇಸುಗಳು ದಿನಾ ಇರುತ್ತವೆ. ಗಡ್ಡೆಯ ಕೇಸು ಅಪರೂಪಕ್ಕೆ ಬರುತ್ತದೆ. ಬಂದ ದಿನ ಓಟಿಯಲ್ಲಿ, ಅಂದರೆ ಆಪರೇಷನ್ ಕೋಣೆಯಲ್ಲಿ, ಹರಟೆ ಕಡಿಮೆ.

ಎಷ್ಟು ಅಪರೂಪ?

ಸತ್ತವರ ದೇಹ ಪರೀಕ್ಷಿಸಿ ತೆಗೆದ ಲೆಕ್ಕದಲ್ಲಿ ಹೃದಯದಲ್ಲೇ ಹುಟ್ಟಿದ ಗಡ್ಡೆ ಸಿಕ್ಕಿದ್ದು ಸುಮಾರು ಶೇ 0.02 ಜನರಲ್ಲಿ. ಅಂದರೆ 5,000 ಮಂದಿಗೆ ಒಬ್ಬರು. ಹೃದಯದ ಸ್ನಾಯುವಿನ ಕೋಶಗಳು ದೊಡ್ಡವರಲ್ಲಿ ವಿಭಜನೆ ಆಗುವುದೇ ತೀರಾ ಕಡಿಮೆ. ಕೋಶ ಒಡೆದು ಹೆಚ್ಚಾಗದ ಜಾಗದಲ್ಲಿ ಗಡ್ಡೆ ಹುಟ್ಟುವ ಅವಕಾಶವೂ ಕಡಿಮೆ. ಅಪರೂಪಕ್ಕೆ ಇದೂ ಒಂದು ಕಾರಣ ಎನ್ನುತ್ತಾರೆ.

ಬೇರೆ ಅಂಗದ ಕ್ಯಾನ್ಸರ್ ಹೃದಯಕ್ಕೆ ಹಬ್ಬುವುದು ಮಾತ್ರ ಇದಕ್ಕಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ. ಶ್ವಾಸಕೋಶ, ಸ್ತನ, ರಕ್ತದ ಕ್ಯಾನ್ಸರ್, ಚರ್ಮದ ಮೆಲನೋಮಾ ಹಾಗೆ ಬರುತ್ತವೆ. ಅಲ್ಲಿ ಸಾಮಾನ್ಯವಾಗಿ ಆಗುವುದು ಹೃದಯದ ಸುತ್ತಲಿನ ಚೀಲದಲ್ಲಿ ನೀರು ತುಂಬಿಕೊಳ್ಳುವುದು. ಆ ನೀರು ತೆಗೆದು ಉಸಿರಾಟ ಹಗುರ ಮಾಡುತ್ತಾರೆ, ಮೂಲ ರೋಗಕ್ಕೆ ಔಷಧ ನಡೆಯುತ್ತದೆ. ಅದು ನಿಜವಾಗಿ ಟಾಟಾದ ಕೆಲಸ. ಈ ಲೇಖನ ಹೃದಯದಲ್ಲೇ ಹುಟ್ಟಿದ ಗಡ್ಡೆಗಳ ಬಗ್ಗೆ.

ಅವುಗಳಲ್ಲಿ ದೊಡ್ಡವರನ್ನು ಆಪರೇಷನ್ ಟೇಬಲ್‌ವರೆಗೆ ಕರೆತರುವುದು ಹೆಚ್ಚಾಗಿ ಒಂದೇ ಗಡ್ಡೆ. ಅದರ ಹೆಸರು ಮಿಕ್ಸೋಮಾ.

ಮಿಕ್ಸೋಮಾ ಎಂಬ ತೂಗಾಡುವ ಗಡ್ಡೆ

ಹೃದಯಕ್ಕೆ ನಾಲ್ಕು ಕೋಣೆ. ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ. ಎಡ ಮೇಲಿನ ಕೋಣೆಗೆ ಶ್ವಾಸಕೋಶದಿಂದ ಶುದ್ಧ ರಕ್ತ ಬರುತ್ತದೆ. ಅಲ್ಲಿಂದ ಮೈಟ್ರಲ್ ವಾಲ್ವ್ ದಾಟಿ ಎಡ ಕೆಳಗಿನ ಕೋಣೆಗೆ, ಅಲ್ಲಿಂದ ಇಡೀ ಮೈಗೆ. ಮಿಕ್ಸೋಮಾಗಳಲ್ಲಿ ಸುಮಾರು ಶೇ 75 ಈ ಎಡ ಮೇಲಿನ ಕೋಣೆಯಲ್ಲೇ ಬೆಳೆಯುತ್ತವೆ. ಬಲ ಮೇಲಿನ ಕೋಣೆಯಲ್ಲಿ ಶೇ 15ರಿಂದ 20. ಕೆಳಗಿನ ಕೋಣೆಗಳಲ್ಲಿ ತೀರಾ ಕಡಿಮೆ.

ಎಡ, ಬಲ ಕೋಣೆಗಳ ನಡುವಿನ ಗೋಡೆಯಲ್ಲಿ ಒಂದು ತೆಳು ತಗ್ಗು ಇದೆ. ನಾವು ತಾಯಿಯ ಹೊಟ್ಟೆಯಲ್ಲಿದ್ದಾಗ ಅಲ್ಲಿ ರಕ್ತ ಹಾಯಲು ದಾರಿ ಇತ್ತು, ಹುಟ್ಟಿದ ಮೇಲೆ ಮುಚ್ಚಿಕೊಂಡಿತು. ಮಿಕ್ಸೋಮಾ ಹೆಚ್ಚಾಗಿ ಆ ತಗ್ಗಿನ ಅಂಚಿನಲ್ಲೇ ತೊಟ್ಟು ಊರಿ ಬೆಳೆಯುತ್ತದೆ. ಐದಾರು ಸೆಂಟಿಮೀಟರ್‌ವರೆಗೆ ಬೆಳೆದದ್ದು ಸಾಮಾನ್ಯವಾಗಿ ಸಿಗುತ್ತದೆ. ಆ ಕೋಣೆಯ ಅಗಲವೇ ಆರೋಗ್ಯವಂತರಲ್ಲಿ ನಾಲ್ಕು ಸೆಂಟಿಮೀಟರ್ ಒಳಗೆ. ಲೆಕ್ಕ ನೀವೇ ಹಾಕಿ.

ಮುಂಬೈಯಲ್ಲಿ ಬೇಸಿಗೆ ಬಂದರೆ ರಸ್ತೆಬದಿಯಲ್ಲಿ ತಾಡಗೋಳ ಮಾರುತ್ತಾರಲ್ಲ, ನಮ್ಮ ಕಡೆಯ ತಾಟಿನಿಂಗು, ಅದರ ತಿರುಳಿನ ಹಾಗಿರುತ್ತದೆ ಈ ಗಡ್ಡೆ. ಅರೆಪಾರದರ್ಶಕ, ಮೆತ್ತಗೆ, ಅಲ್ಲಲ್ಲಿ ರಕ್ತ ಕಟ್ಟಿ ಕಪ್ಪು ಕಲೆ. ಕೆಲವು ನುಣ್ಣಗೆ ದುಂಡಗೆ ಇರುತ್ತವೆ. ಕೆಲವು ಮಾತ್ರ ಎಳೆ ಎಳೆಯಾಗಿ, ಮುಟ್ಟಿದರೆ ಉದುರುವಂತಿರುತ್ತವೆ. ಈ ಎರಡನೆಯವೇ ಅಪಾಯದವು. ಚೂರೊಂದು ಕಳಚಿ ರಕ್ತದ ಜೊತೆ ಹೋದರೆ ಮೆದುಳಿಗೂ ಹೋಗಬಹುದು, ಕಾಲಿಗೂ ಹೋಗಬಹುದು, ಕಣ್ಣಿಗೂ ಹೋಗಬಹುದು.

ಯಾವ ತೊಂದರೆಯಿಂದ ಗೊತ್ತಾಗುತ್ತದೆ?

ಮೂರು ಬಗೆ. ಗಡ್ಡೆ ವಾಲ್ವಿನ ಬಾಯಿಗೆ ಅಡ್ಡ ಬಂದರೆ ಏದುಸಿರು, ತಲೆಸುತ್ತು, ಕೆಲವರಿಗೆ ಪ್ರಜ್ಞೆ ತಪ್ಪುವುದು. ಚೂರು ಕಳಚಿದರೆ ಲಕ್ವ. ಮೂರನೆಯದು ಡಾಕ್ಟರರನ್ನೇ ದಾರಿ ತಪ್ಪಿಸುವಂಥದ್ದು: ಸಣ್ಣ ಜ್ವರ, ಮೈಕೈ ನೋವು, ತೂಕ ಇಳಿಯುವುದು, ಮೈಯಲ್ಲಿ ಉರಿಯೂತ ಇದೆ ಎಂದು ತೋರಿಸುವ ರಕ್ತಪರೀಕ್ಷೆ ಇಎಸ್ಆರ್ ಏರುವುದು. ಈ ಗಡ್ಡೆ ಇಂಟರ್‌ಲ್ಯೂಕಿನ್-6 ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ. ಸೋಂಕು ಬಂದಾಗ ಮೈ ಜ್ವರ ಏರಿಸಲು ಬಳಸುವ ವಸ್ತುವೂ ಅದೇ. ಹಾಗಾಗಿ ಸೋಂಕು ಇಲ್ಲದಿದ್ದರೂ ಸೋಂಕಿನ ಲಕ್ಷಣ.

ನಮ್ಮ ದೇಶದಲ್ಲಿ ಸಂಜೆ ಜ್ವರ, ತೂಕ ಇಳಿಕೆ, ಇಎಸ್ಆರ್ ಜಾಸ್ತಿ ಅಂದರೆ ಮೊದಲು ನೆನಪಾಗುವುದು ಟಿಬಿ. ಅದು ತಪ್ಪೂ ಅಲ್ಲ, ಟಿಬಿ ಅಷ್ಟೊಂದು ಇದೆ. ನನಗೆ ಗೊತ್ತಿರುವ ಒಬ್ಬ ಅಕ್ಕ, ವಿಜಯಪುರದ ಕಡೆಯವರು, ವಡಾಲಾದಲ್ಲಿ ರೊಟ್ಟಿ ಖಾನಾವಳಿ ನಡೆಸುವವರು, ಇದೇ ಸುಳಿಯಲ್ಲಿ ಸಿಕ್ಕಿದ್ದರು. ಕಫದಲ್ಲಿ ಏನೂ ಸಿಗದಿದ್ದರೂ ಒಂದು ದವಾಖಾನೆಯಲ್ಲಿ ಟಿಬಿ ಗುಳಿಗೆ ಶುರು ಮಾಡಿದ್ದರು. ಏದುಸಿರು ಮಾತ್ರ ಹೋಗಲಿಲ್ಲ. ಅವರು ಹೇಳಿದ ಒಂದು ಮಾತು ಕಿವಿಗೆ ಬಿತ್ತು: “ಎಡಕ್ಕ ಹೊಳ್ಳಿ ಮಲಗಿದ್ರ ಉಸುರs ಹತ್ತೂದಿಲ್ರೀ ಅಣ್ಣಾರ, ಬಲಕ್ಕ ಹೊಳ್ಳಿದ್ರ ಆರಾಮ ಅನ್ನಸ್ತದ.” ಮಲಗುವ ಮಗ್ಗುಲು ಬದಲಾದಂತೆ ಉಸಿರಾಟ ಬದಲಾಗುತ್ತಿದ್ದರೆ ಹೃದಯದ ಸ್ಕ್ಯಾನ್, ಅಂದರೆ ಎಕೋ, ಮಾಡಿಸಲೇಬೇಕು. ತೂಗಾಡುವ ಗಡ್ಡೆ ಮಗ್ಗುಲಿನ ಜೊತೆ ಜಾಗ ಬದಲಿಸುತ್ತದೆ.

ಎಕೋ ಮಾಡಿಸಿದ ಮೇಲೆ ಅವರು ಕೇಳಿದ್ದು, “ಗಡ್ಡಿ ಅಂದ್ರ ಟಾಟಾಕ್ಕs ಹೋಗಬೇಕಲ್ರೀ?” ಇಲ್ರೀ ಅಕ್ಕಾರ, ಇದು ಹಾರ್ಟ್ ಸರ್ಜನ್ನರ ಕೆಲಸ ಅಂತ ಹೇಳಿ ನಂಬಿಸುವಷ್ಟರಲ್ಲಿ ಸಾಕಾಯಿತು. ಅವರ ತಮ್ಮ ಆಗಲೇ ಟಾಟಾದ ಕೇಸ್ ಪೇಪರ್ ಮಾಡಿಸಲು ಸಾಲಿನಲ್ಲಿ ನಿಂತಿದ್ದ.

ಇನ್ನೊಂದು ಮಾತು. ಲಕ್ವ ವಯಸ್ಸಾದವರ ಕಾಯಿಲೆ ಎಂಬ ಭಾವನೆ ಇದೆ. ಬಿಪಿ ಇಲ್ಲ, ಶುಗರ್ ಇಲ್ಲ, ವಯಸ್ಸು ಮೂವತ್ತೈದು, ಆದರೂ ಲಕ್ವ ಹೊಡೆಯಿತು ಅಂದರೆ ಮೆದುಳಿನ ಸ್ಕ್ಯಾನ್ ಜೊತೆ ಹೃದಯದ ಎಕೋ ಕೂಡ ಆಗಲೇಬೇಕು. ಮಿಕ್ಸೋಮಾ ಹೆಚ್ಚು ಕಾಣುವುದು 30ರಿಂದ 60ರ ವಯಸ್ಸಿನವರಲ್ಲಿ, ಅದರಲ್ಲೂ ಹೆಂಗಸರಲ್ಲಿ.

ಎಕೋದಲ್ಲಿ ಕಾಣುವುದೇನು?

ನಮ್ಮ ಜನ ಟೂಡಿ ಎಕೋ ಅನ್ನುವ ಪರೀಕ್ಷೆ ಇದಕ್ಕೆ ಸಾಕು. ಸೂಜಿ ಇಲ್ಲ, ನೋವಿಲ್ಲ. ಎದೆಗೆ ಜೆಲ್ಲಿ ಸವರಿ ಪ್ರೋಬ್ ಇಟ್ಟರೆ ಪರದೆ ಮೇಲೆ ಹೃದಯ ಕಾಣುತ್ತದೆ. ಎಡ ಮೇಲಿನ ಕೋಣೆಯಲ್ಲಿ ಬೆಳ್ಳಗಿನ ಒಂದು ಮುದ್ದೆ. ವಾಲ್ವ್ ಮುಚ್ಚಿದಾಗ ಅದು ಮೇಲೆ ಕೂತಿರುತ್ತದೆ. ವಾಲ್ವ್ ತೆರೆದ ಕ್ಷಣ ರಕ್ತದ ಜೊತೆ ಕೆಳಗಿನ ಕೋಣೆಗೆ ಜಾರುತ್ತದೆ, ತೊಟ್ಟು ಎಳೆದು ಹಿಡಿಯುತ್ತದೆ, ಮತ್ತೆ ಮೇಲಕ್ಕೆ. ನಿಮಿಷಕ್ಕೆ ಎಂಬತ್ತು ತೊಂಬತ್ತು ಸಲ ಇದೇ ಓಡಾಟ. ಮೊದಲ ಸಲ ನೋಡಿದವರು ಪರದೆಯಿಂದ ಕಣ್ಣು ತೆಗೆಯುವುದಿಲ್ಲ. ಸ್ಟೆತಾಸ್ಕೋಪಿನಲ್ಲೂ ಕೆಲವೊಮ್ಮೆ ಧಪ್ ಎಂಬ ಹೆಚ್ಚುವರಿ ಸದ್ದು ಕೇಳುತ್ತದೆ. ಆದರೆ ಮೈಟ್ರಲ್ ವಾಲ್ವ್ ಕಿರಿದಾದವರಲ್ಲೂ ಅಂಥದ್ದೇ ಸದ್ದು ಬರುತ್ತದೆ. ಸಂಧಿವಾತ ಜ್ವರದಿಂದ ವಾಲ್ವ್ ಕೆಡುವುದು ನಮ್ಮಲ್ಲಿ ಸಾಮಾನ್ಯವಾದ್ದರಿಂದ ಬರೀ ಕಿವಿಯನ್ನು ನಂಬಿದರೆ ಮೋಸ ಹೋಗುವುದು ಸುಲಭ.

ಅನುಮಾನ ಉಳಿದರೆ ಅನ್ನನಾಳದೊಳಗೆ ಪ್ರೋಬ್ ಇಳಿಸಿ ಹಿಂದಿನಿಂದ ನೋಡುತ್ತಾರೆ. ಅದಕ್ಕೆ ಟಿಇಇ ಅನ್ನುತ್ತಾರೆ. ತೊಟ್ಟು ಎಲ್ಲಿ ಊರಿದೆ ಎಂಬುದು ಅದರಲ್ಲಿ ಸ್ಪಷ್ಟ. ಅದು ಗಡ್ಡೆಯೋ, ಹೆಪ್ಪುಗಟ್ಟಿದ ರಕ್ತವೋ ಎಂದು ಬೇರ್ಪಡಿಸಲು ಎಂಆರ್‌ಐ ನೆರವಾಗುತ್ತದೆ. ನಲವತ್ತು ದಾಟಿದವರಿಗೆ ಆಪರೇಷನ್‌ಗೆ ಮೊದಲು ಆಂಜಿಯೋಗ್ರಫಿಯೂ ಆಗುತ್ತದೆ, ರಕ್ತನಾಳದಲ್ಲಿ ಬ್ಲಾಕ್ ಇದ್ದರೆ ಅದೇ ಆಪರೇಷನ್‌ನಲ್ಲಿ ಬೈಪಾಸ್ ಮುಗಿಸಬಹುದು ಅಂತ.

ಬಯಾಪ್ಸಿ ಮಾಡದೆ ಎದೆ ತೆರೆಯುತ್ತೀರಾ ಎಂದು ಮನೆಯವರು ಕೇಳುವುದುಂಟು. ಒಳ್ಳೇ ಪ್ರಶ್ನೆ. ಎಡಗಡೆಯ ಉದುರುವ ಗಡ್ಡೆಗೆ ಸೂಜಿ ಚುಚ್ಚಿದರೆ ಚೂರು ಮೆದುಳಿಗೆ ಹೋಗುವ ಭಯ. ಅದಕ್ಕೇ ಮಿಕ್ಸೋಮಾ ಅಂತ ಎಕೋ ಹೇಳಿದರೆ ಬಯಾಪ್ಸಿ ಮಾಡದೆ ಇಡೀ ಗಡ್ಡೆ ತೆಗೆದು, ಆಮೇಲೆ ಲ್ಯಾಬಿಗೆ ಕಳಿಸುತ್ತಾರೆ. ಕ್ಯಾನ್ಸರಿನ ಅನುಮಾನ ಬಲವಾಗಿದ್ದರೆ, ಅದರಲ್ಲೂ ಬಲಗಡೆ ಇದ್ದರೆ, ಲೆಕ್ಕ ಬೇರೆ. ಅಲ್ಲಿ ಬಯಾಪ್ಸಿ ಮೊದಲು.

ಗುಳಿಗೆಯಲ್ಲಿ ಕರಗುತ್ತದಾ ಎಂಬ ಪ್ರಶ್ನೆಯೂ ಬರುತ್ತದೆ. ಕರಗುವುದಿಲ್ಲ. ರಕ್ತ ತೆಳುವಾಗಿಸುವ ಔಷಧಿಯೂ ಇದರ ಚೂರು ಕಳಚುವುದನ್ನು ತಡೆಯುವುದಿಲ್ಲ. ಕಷಾಯ, ಪಥ್ಯ ಅಂತ ಎರಡು ತಿಂಗಳು ನೋಡೋಣ ಎನ್ನುವವರಿಗೆ ನಾನು ಹೇಳುವುದು ಇಷ್ಟೆ: ಆ ಎರಡು ತಿಂಗಳಲ್ಲಿ ನೀವು ಗೆಲ್ಲುವುದು ಏನೂ ಇಲ್ಲ. ಸೋಲಬಹುದಾದದ್ದು ಒಂದು ಕೈ, ಒಂದು ಕಾಲು, ಮಾತು.

ಮಷಿನ್ ಬರುವ ಮುಂಚೆ

ಹೃದಯದಲ್ಲಿ ಗಡ್ಡೆ ಬೆಳೆಯುತ್ತದೆ ಎಂಬುದು ಹೊಸ ಸಂಗತಿಯಲ್ಲ. ಇಟಲಿಯ ರಿಯಾಲ್ಡೋ ಕೊಲಂಬೊ 1559ರಲ್ಲೇ ಬರೆದಿಟ್ಟಿದ್ದಾನೆ. ಆದರೆ ನಾನೂರು ವರ್ಷ ಅದು ಸತ್ತ ಮೇಲೆ ಸಿಗುವ ಸುದ್ದಿಯಾಗಿಯೇ ಉಳಿಯಿತು. ಬದುಕಿರುವಾಗ ಕಾಣಿಸಿದರೂ ತೆಗೆಯುವುದು ಹೇಗೆ? ಹೃದಯದ ಒಳಗೆ ಕೈ ಹಾಕಬೇಕಾದರೆ ಅದು ಖಾಲಿ ಇರಬೇಕು, ಅಲುಗಾಡದೆ ಇರಬೇಕು. ರಕ್ತ ನಿಂತರೆ ಮೆದುಳು ತಾಳುವುದು ಕೆಲವೇ ನಿಮಿಷ.

ಅಮೆರಿಕದ ಜಾನ್ ಗಿಬ್ಬನ್ 1953ರ ಮೇ 6ರಂದು ಹಾರ್ಟ್-ಲಂಗ್ ಮಷಿನ್ ಬಳಸಿ ಹದಿನೆಂಟರ ಹುಡುಗಿಯೊಬ್ಬಳ ಹೃದಯದ ತೂತು ಮುಚ್ಚಿದರು. ಮರುವರ್ಷವೇ, 1954ರಲ್ಲಿ, ಸ್ವೀಡನ್ನಿನ ಕ್ಲಾರೆನ್ಸ್ ಕ್ರಾಫೂರ್ಡ್ ಸ್ಟಾಕ್‌ಹೋಮ್‌ನಲ್ಲಿ ಮಷಿನ್ ನೆರವಿನಿಂದ ಎಡ ಮೇಲಿನ ಕೋಣೆಯ ಮಿಕ್ಸೋಮಾ ತೆಗೆದು ರೋಗಿಯನ್ನು ಉಳಿಸಿದರು. ಅದೇ ಮೊದಲ ಗೆಲುವು. ಎಕೋ ಕೂಡ ಹೆಚ್ಚುಕಡಿಮೆ ಅದೇ ಹೊತ್ತಿಗೆ ಸ್ವೀಡನ್ನಿನ ಲುಂಡ್‌ನಲ್ಲಿ ಹುಟ್ಟಿತು. 1959ರಲ್ಲಿ ಜರ್ಮನಿಯಲ್ಲಿ ಸ್ವೆನ್ ಎಫರ್ಟ್ ತಂಡ ಎಕೋದಿಂದಲೇ ಮಿಕ್ಸೋಮಾ ಪತ್ತೆ ಹಚ್ಚಿತು. ಕಾಣುವ ದಾರಿ, ತೆಗೆಯುವ ದಾರಿ, ಎರಡೂ ಕೆಲವೇ ವರ್ಷಗಳ ಅಂತರದಲ್ಲಿ ಸಿಕ್ಕವು.

ಪರೇಲ್ ಕೂಡ ಈ ಕಥೆಯಿಂದ ಬಹಳ ದೂರ ಇರಲಿಲ್ಲ. ಕೆಇಎಂನಲ್ಲಿ ಡಾ. ಪಿ.ಕೆ. ಸೇನ್ 1968ರ ಫೆಬ್ರವರಿಯಲ್ಲಿ ಭಾರತದ ಮೊದಲ ಹೃದಯ ಕಸಿ ಮಾಡಿದರು. ರೋಗಿ ಕೆಲವೇ ಗಂಟೆ ಬದುಕಿದರು. ಜಗತ್ತಿನ ಮೊದಲ ಕಸಿ ಕೇಪ್‌ಟೌನ್‌ನಲ್ಲಿ ನಡೆದು ಆಗಿನ್ನೂ ಮೂರು ತಿಂಗಳು ತುಂಬಿರಲಿಲ್ಲ ಎಂಬುದನ್ನು ಇಲ್ಲಿ ಮರೆಯಬಾರದು.

ಮುಟ್ಟದೆ ತೆಗೆಯುವುದು

ಈಗ ಓಟಿಗೆ ಬನ್ನಿ. ಮಿಕ್ಸೋಮಾ ಆಪರೇಷನ್‌ನಲ್ಲಿ ಕತ್ತರಿಸುವ ಭಾಗ ಸಣ್ಣದು. ಹೃದಯ ನಿಂತಿರುವ ಸಮಯ ಅನೇಕ ಸಲ ಒಂದು ಗಂಟೆಯನ್ನೂ ಮುಟ್ಟುವುದಿಲ್ಲ. ಕಷ್ಟ ಇರುವುದು ಅದಕ್ಕೂ ಮುಂಚೆ. ಹೃದಯ ನಿಲ್ಲುವವರೆಗೆ ಗಡ್ಡೆಯನ್ನು ಅಲುಗಾಡಿಸಬಾರದು. ಬೈಪಾಸ್ ಆಪರೇಷನ್‌ನಲ್ಲಿ ಹೃದಯವನ್ನು ಎತ್ತಿ, ಹೊರಳಿಸಿ ನೋಡುವ ಸರ್ಜನ್ನರೇ ಇಲ್ಲಿ ಕೈ ಕಟ್ಟಿಕೊಂಡವರ ಹಾಗೆ ಇರುತ್ತಾರೆ.

ಎದೆಯ ನಡುಮೂಳೆ ಸೀಳಿ ಹೃದಯದ ಚೀಲ ತೆರೆಯುತ್ತಾರೆ. ಆ ಚೀಲದ ಒಂದು ತುಂಡನ್ನು ಆಗಲೇ ಕತ್ತರಿಸಿ ಪಕ್ಕಕ್ಕೆ ಇಟ್ಟುಕೊಳ್ಳುತ್ತಾರೆ. ಆಮೇಲೆ ತೇಪೆ ಹಾಕಲು ಬೇಕಾಗುತ್ತದೆ. ಹೆಪಾರಿನ್ ಕೊಡುತ್ತಾರೆ, ರಕ್ತ ನನ್ನ ಪ್ಲಾಸ್ಟಿಕ್ ಕೊಳವೆಗಳಲ್ಲಿ ಹೆಪ್ಪುಗಟ್ಟದಿರಲಿ ಅಂತ. ಸಾಕಷ್ಟು ತೆಳುವಾಗಿದೆಯೇ ಎಂದು ನೋಡಲು ಎಸಿಟಿ ಎಂಬ ಪರೀಕ್ಷೆ ಇದೆ. ಅದು 480 ಸೆಕೆಂಡ್ ದಾಟುವವರೆಗೆ ನಾನು ಪಂಪ್ ಶುರು ಮಾಡುವುದಿಲ್ಲ, ಸರ್ಜನ್ ಎಷ್ಟೇ ಅವಸರಿಸಲಿ.

ಮಹಾಧಮನಿಗೆ ಒಂದು ಕೊಳವೆ. ಮೈಯ ಕೆಟ್ಟ ರಕ್ತ ತರುವ ಮೇಲಿನ, ಕೆಳಗಿನ ಎರಡು ದೊಡ್ಡ ಸಿರೆಗಳಿಗೆ ಬೇರೆ ಬೇರೆ ಕೊಳವೆ. ಬೈಪಾಸ್‌ಗೆ ಸಾಮಾನ್ಯವಾಗಿ ಬಲ ಕೋಣೆಗೆ ಒಂದೇ ಕೊಳವೆ ಸಾಕು. ಇಲ್ಲಿ ಆ ಕೋಣೆಯನ್ನೇ ತೆರೆಯಬೇಕಾಗುತ್ತದೆ, ಅದಕ್ಕೇ ಎರಡು. ಗಡ್ಡೆ ಬಲಗಡೆಯೇ ಇದ್ದರೆ ಕೊಳವೆಯ ತುದಿ ಅದಕ್ಕೆ ತಾಗದಂತೆ ಇನ್ನಷ್ಟು ಹುಷಾರು. ಆಗ ಕುತ್ತಿಗೆ, ತೊಡೆಯ ಸಿರೆಗಳಿಂದ ಕೊಳವೆ ಹಾಕುವುದೂ ಉಂಟು.

“ಗೋ ಆನ್ ಪಂಪ್” ಅಂತ ಸರ್ಜನ್ ಹೇಳುತ್ತಾರೆ. ಸಿರೆಯ ರಕ್ತ ನನ್ನ ಮಷಿನ್‌ನ ತೊಟ್ಟಿಗೆ, ರಿಸರ್ವಾಯರಿಗೆ, ಇಳಿಯುತ್ತದೆ, ಆಕ್ಸಿಜನೇಟರ್ ದಾಟಿ ಕೆಂಪಾಗಿ ಮಹಾಧಮನಿಗೆ ಹೋಗುತ್ತದೆ. ಮಧ್ಯಮ ಮೈಕಟ್ಟಿನವರಿಗೆ ನಿಮಿಷಕ್ಕೆ ನಾಲ್ಕು ಲೀಟರ್ ಆಸುಪಾಸು. ಅರಿವಳಿಕೆಯವರು ವೆಂಟಿಲೇಟರ್ ನಿಲ್ಲಿಸುತ್ತಾರೆ. ಮಹಾಧಮನಿಗೆ ಕ್ಲಾಂಪ್ ಬೀಳುತ್ತದೆ. ಪೊಟ್ಯಾಸಿಯಂ ತುಂಬಿದ ತಣ್ಣನೆಯ ದ್ರವ, ಕಾರ್ಡಿಯೋಪ್ಲೀಜಿಯಾ, ಹೃದಯದ ರಕ್ತನಾಳಗಳಿಗೆ ಇಳಿಯುತ್ತದೆ. ಹೃದಯ ನಿಲ್ಲುತ್ತದೆ. ಮಾನಿಟರಿನಲ್ಲಿ ಗೆರೆ ನೆಟ್ಟಗಾಗುತ್ತದೆ. ಸರ್ಜನ್ನರ ಭುಜ ಇಳಿಯುವುದು ಆಗಲೇ. ಕ್ಲಾಂಪ್ ಬಿದ್ದ ಮೇಲೆ ಎಡಗಡೆಯಿಂದ ಚೂರು ಕಳಚಿದರೂ ಮೆದುಳಿಗೆ ಹೋಗಲು ದಾರಿ ಇಲ್ಲ.

ಬಲ ಕೋಣೆ ತೆರೆದು, ನಡುಗೋಡೆ ಸೀಳಿ ಎಡಕ್ಕೆ ಹೋಗುವ ಸರ್ಜನ್ನರಿದ್ದಾರೆ. ಎಡ ಕೋಣೆಯನ್ನೇ ಬಲಮಗ್ಗುಲಿನಿಂದ ತೆರೆಯುವವರೂ ಇದ್ದಾರೆ. ದೊಡ್ಡದಿದ್ದರೆ ಎರಡೂ. ಗಡ್ಡೆಯನ್ನು ಚಿಮಟದಲ್ಲಿ ಹಿಡಿದು ಎಳೆದರೆ ಒಡೆಯುತ್ತದೆ. ಹಾಗಾಗಿ ಗಡ್ಡೆಯನ್ನು ಹಿಡಿಯುವುದೇ ಇಲ್ಲ. ತೊಟ್ಟು ಊರಿದ ಗೋಡೆಯನ್ನು ಹಿಡಿಯುತ್ತಾರೆ. ತೊಟ್ಟಿನ ಸುತ್ತ ಅರ್ಧದಿಂದ ಒಂದು ಸೆಂಟಿಮೀಟರ್ ಒಳ್ಳೆಯ ಗೋಡೆಯನ್ನೂ ಸೇರಿಸಿ ದುಂಡಗೆ ಕತ್ತರಿಸಿ, ಇಡೀ ಗಡ್ಡೆಯನ್ನು ಚಮಚದಂಥ ಸಲಕರಣೆಯ ಮೇಲೆ ಹೊರಗೆ ತರುತ್ತಾರೆ. ಸ್ಟೀಲ್ ಬೋಗುಣಿಗೆ ಬಿದ್ದ ಮೇಲೆ ಅದನ್ನು ತಿರುಗಿಸಿ ನೋಡುತ್ತಾರೆ. ಪೂರ್ತಿ ಬಂದಿದೆಯೇ, ಎಲ್ಲಾದರೂ ಹರಿದಿದೆಯೇ? ಖಾನಾವಳಿ ಅಕ್ಕನ ಗಡ್ಡೆ ನುಣ್ಣಗಿತ್ತು, ಪೂರ್ತಿ ಬಂದಿತ್ತು, ತೊಟ್ಟಿನ ಬುಡದಲ್ಲಿ ಗೋಡೆಯ ತೆಳು ತುಂಡು ಅಂಟಿಕೊಂಡಿತ್ತು. ತೊಟ್ಟನ್ನು ಮಾತ್ರ ಕತ್ತರಿಸಿ ಬುಡ ಬಿಟ್ಟರೆ ಅಲ್ಲೇ ಮತ್ತೆ ಬೆಳೆಯಬಹುದು.

ಇಷ್ಟು ಹೊತ್ತು ನಾನೂ ಒಂದು ವಿಷಯಕ್ಕೆ ಕಾವಲು. ಮಾಮೂಲಿ ಆಪರೇಷನ್‌ನಲ್ಲಿ ಎದೆಯೊಳಗೆ ಚೆಲ್ಲಿದ ರಕ್ತವನ್ನು ಸಕ್ಕರ್ ಹೀರಿ ಮಷಿನ್‌ಗೆ ಕಳಿಸುತ್ತದೆ, ಅದು ರೋಗಿಗೇ ವಾಪಸ್ ಹೋಗುತ್ತದೆ. ಗಡ್ಡೆ ತೆಗೆಯುವ ಹೊತ್ತಿಗೆ ಅದನ್ನು ನಿಲ್ಲಿಸಿ ಬೇರೆ ಸಕ್ಕರ್ ಬಳಸುತ್ತಾರೆ. ಅದರಲ್ಲಿ ಬಂದದ್ದು ಕಸಕ್ಕೆ. ಗಡ್ಡೆಯ ಚೂರು ನನ್ನ ರಿಸರ್ವಾಯರ್ ಸೇರಬಾರದು. ಸ್ವಲ್ಪ ರಕ್ತ ದಂಡ, ಆಗಲಿ. ರಕ್ತದಾನಿಗಳನ್ನು ಮೊದಲೇ ಹುಡುಕಿಡಿ ಅಂತ ಮನೆಯವರಿಗೆ ಹೇಳುವುದು ಇಂಥದ್ದಕ್ಕೇ. ಊರಿಂದ ಒಬ್ಬರೇ ಬಂದವರಿಗೆ ಇದು ನಿಜವಾದ ತಲೆನೋವು. ಇಲ್ಲಿನ ಕನ್ನಡ ಸಂಘಗಳಲ್ಲಿ, ಹೋಟೆಲ್ ಹುಡುಗರಲ್ಲಿ ಒಂದು ಮಾತು ಹಾಕಿದರೆ ಜನ ಸಿಗುತ್ತಾರೆ.

ಗಡ್ಡೆ ಹೋದ ಮೇಲೆ ಕೋಣೆಗಳನ್ನು ಸಲೈನಿನಲ್ಲಿ ತೊಳೆಯುತ್ತಾರೆ. ನಾಲ್ಕೂ ಕೋಣೆ ಇಣುಕಿ ನೋಡುತ್ತಾರೆ, ಇನ್ನೊಂದು ಅಡಗಿದ್ದರೆ? ವರ್ಷಗಟ್ಟಲೆ ಗಡ್ಡೆ ಬಡಿದು ಮೈಟ್ರಲ್ ವಾಲ್ವ್ ಕೆಟ್ಟಿರಬಹುದು. ಕೆಳಗಿನ ಕೋಣೆಗೆ ಸಲೈನ್ ತುಂಬಿ ವಾಲ್ವ್ ಸೋರುತ್ತದೆಯೇ ನೋಡಿ, ಸೋರಿದರೆ ರಿಂಗ್ ಹಾಕಿ ರಿಪೇರಿ. ನಡುಗೋಡೆಯ ತೂತಿಗೆ ಮೊದಲೇ ಎತ್ತಿಟ್ಟ ಚೀಲದ ತುಂಡಿನ ತೇಪೆ. ಹೃದಯದೊಳಗಿನ ಗಾಳಿ ಪೂರ್ತಿ ಹೊರಗೆ ಹೋಗಬೇಕು, ಗುಳ್ಳೆಯೂ ಮೆದುಳಿಗೆ ಹೋದರೆ ಲಕ್ವವೇ. ಕ್ಲಾಂಪ್ ತೆಗೆದ ಮೇಲೆ ಬೆಚ್ಚಗಿನ ರಕ್ತ ಹರಿದು ಹೃದಯ ಹೆಚ್ಚಿನ ಸಲ ತಾನೇ ಬಡಿಯಲು ಶುರು ಮಾಡುತ್ತದೆ. ಕೆಲವೊಮ್ಮೆ ಒಂದು ಸಣ್ಣ ಶಾಕ್ ಬೇಕು. ನಾನು ನಿಧಾನಕ್ಕೆ ಪಂಪ್ ಇಳಿಸುತ್ತೇನೆ.

ಕೊನೆಗೆ ಹೆಪಾರಿನ್ ಪರಿಣಾಮ ತೆಗೆಯಲು ಪ್ರೋಟಮೈನ್. ಈ ಔಷಧಿ ಮೂಲದಲ್ಲಿ ಸಾಲ್ಮನ್ ಮೀನಿನ ವೀರ್ಯದಿಂದ ಬಂದದ್ದು. ಮೀನು ತಿಂದರೆ ಅಲರ್ಜಿ ಇದೆಯಾ ಅಂತ ಅರಿವಳಿಕೆ ಡಾಕ್ಟರು ಕೇಳುವುದು ಅದಕ್ಕೇ. ಕರಾವಳಿಯವರು ನಗುತ್ತಾರೆ, ನಾವು ಹುಟ್ಟಿದ್ದೇ ಮೀನು ತಿಂದು ಅಂತ. ನಗಬೇಡಿ, ಸರಿಯಾಗಿ ಉತ್ತರ ಕೊಡಿ. ಅಂದಹಾಗೆ ಹೆಪಾರಿನ್ ಬರುವುದು ಹಂದಿಯ ಕರುಳಿನಿಂದ. ಶುದ್ಧ ಸಸ್ಯಾಹಾರಿಗಳಿಗೆ ಇದನ್ನು ಸಾಮಾನ್ಯವಾಗಿ ಯಾರೂ ಹೇಳಲು ಹೋಗುವುದಿಲ್ಲ.

ಎದೆಮೂಳೆ ಸೀಳದೆ ಬಲ ಪಕ್ಕೆಲುಬುಗಳ ನಡುವಿನ ಸಣ್ಣ ಗಾಯದಿಂದ, ತೊಡೆಯ ರಕ್ತನಾಳಗಳಿಗೆ ಮಷಿನ್ ಜೋಡಿಸಿ ಮಾಡುವ ವಿಧಾನವೂ ಇದೆ. ಗಾಯ ಚಿಕ್ಕದು, ಬೇಗ ಕೆಲಸಕ್ಕೆ ಮರಳಬಹುದು. ಆದರೆ ಒಡೆಯುವಂಥ ದೊಡ್ಡ ಗಡ್ಡೆಗೆ ಹಳೆ ದಾರಿಯೇ ಮೇಲು ಎಂಬುದು ನನ್ನ ಅನಿಸಿಕೆ. ಸಣ್ಣ ಗಾಯದ ಆಸೆಗೆ ಬೀಳುವ ಮುಂಚೆ, ಇಂಥವನ್ನು ಆ ದಾರಿಯಲ್ಲಿ ಎಷ್ಟು ಮಾಡಿದ್ದೀರಿ ಎಂದು ಸರ್ಜನ್ನರನ್ನೇ ಕೇಳಿ. ಒಳ್ಳೆಯವರು ಬೇಸರ ಮಾಡಿಕೊಳ್ಳುವುದಿಲ್ಲ.

ಉಳಿದ ಗಡ್ಡೆಗಳು

ವಾಲ್ವಿನ ಮೇಲೆ, ಹೆಚ್ಚಾಗಿ ಅಯೋರ್ಟಿಕ್ ವಾಲ್ವಿನ ಮೇಲೆ, ಸಣ್ಣ ಎಳೆಎಳೆಯ ಗಡ್ಡೆ ಬರುತ್ತದೆ. ಪ್ಯಾಪಿಲರಿ ಫೈಬ್ರೋಇಲಾಸ್ಟೋಮಾ. ಸಾಮಾನ್ಯವಾಗಿ ಒಂದು ಸೆಂಟಿಮೀಟರ್ ಆಸುಪಾಸು, ಆದರೂ ಲಕ್ವ ತರುತ್ತದೆ. ಬಹುಪಾಲು ಸಲ ವಾಲ್ವ್ ಉಳಿಸಿಕೊಂಡು ಗಡ್ಡೆಯನ್ನಷ್ಟೇ ಕತ್ತರಿಸಿ ತೆಗೆಯಬಹುದು.

ಮಕ್ಕಳ ಕಥೆ ಪೂರ್ತಿ ತಿರುಗುಮುರುಗು. ಅವರಲ್ಲಿ ಹೆಚ್ಚು ಕಾಣುವುದು ರಾಬ್ಡೋಮಯೋಮಾ, ಎಷ್ಟೋ ಸಲ ಗರ್ಭದಲ್ಲಿರುವಾಗಲೇ ಸ್ಕ್ಯಾನಿನಲ್ಲಿ ಸಿಗುತ್ತದೆ. ಒಂದಲ್ಲ, ಹಲವು ಇರುತ್ತವೆ. ಆದರೆ ಇವು ಮಗು ಬೆಳೆದಂತೆ ತಾವಾಗಿಯೇ ಕುಗ್ಗುತ್ತವೆ. ರಕ್ತಕ್ಕೆ ಅಡ್ಡಿ ಇಲ್ಲ, ಬಡಿತ ತಪ್ಪುತ್ತಿಲ್ಲ ಅಂದರೆ ಕತ್ತರಿ ಮುಟ್ಟಿಸುವುದಿಲ್ಲ. ಕಾದು ನೋಡುವುದೇ ಚಿಕಿತ್ಸೆ. ಕುಗ್ಗಿಸಲು ಎವೆರೊಲಿಮಸ್ ಎಂಬ ಔಷಧಿಯನ್ನೂ ಕೆಲವೊಮ್ಮೆ ಕೊಡುತ್ತಾರೆ. ಇಂಥ ಮಕ್ಕಳಲ್ಲಿ ಅನೇಕರಿಗೆ ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ವಂಶವಾಹಿ ಕಾಯಿಲೆ ಇರುತ್ತದೆ, ಫಿಟ್ಸ್ ಬರಬಹುದು. ಅದಕ್ಕೇ ಮೆದುಳು, ಚರ್ಮ, ಮೂತ್ರಪಿಂಡವನ್ನೂ ನೋಡುತ್ತಾರೆ. ಮಕ್ಕಳಲ್ಲೇ ಬರುವ ಇನ್ನೊಂದು, ಫೈಬ್ರೋಮಾ, ತಾನಾಗಿ ಕುಗ್ಗುವುದಿಲ್ಲ. ಕೆಳಗಿನ ಕೋಣೆಯ ಸ್ನಾಯುವಿನೊಳಗೇ ಬೆಳೆದು ಬಡಿತ ಕೆಡಿಸುತ್ತದೆ. ಅದನ್ನು ತೆಗೆಯಲೇಬೇಕಾಗುತ್ತದೆ, ಆ ಆಪರೇಷನ್ ಮಿಕ್ಸೋಮಾದಷ್ಟು ಸಲೀಸಲ್ಲ.

ಕೆಟ್ಟ ಸುದ್ದಿ ಸಾರ್ಕೋಮಾ. ಹೃದಯದಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಇದೇ ಹೆಚ್ಚು. ಆಂಜಿಯೋಸಾರ್ಕೋಮಾ ಎಂಬ ಬಗೆ ಸಾಮಾನ್ಯವಾಗಿ ಬಲ ಮೇಲಿನ ಕೋಣೆಯಲ್ಲಿ ಬೆಳೆದು, ಗೊತ್ತಾಗುವಷ್ಟರಲ್ಲಿ ಶ್ವಾಸಕೋಶಕ್ಕೆ ಹಬ್ಬಿರುತ್ತದೆ. ಪೂರ್ತಿ ತೆಗೆಯಲು ಸಾಧ್ಯವಾದವರು ಸ್ವಲ್ಪ ಹೆಚ್ಚು ಕಾಲ ಬದುಕುತ್ತಾರೆ. ಆದರೆ ಎಷ್ಟೋ ಜನರಿಗೆ ಆಯುಸ್ಸಿನ ಲೆಕ್ಕ ತಿಂಗಳುಗಳಲ್ಲೇ. ಇಲ್ಲಿ ಕೀಮೋ ಕೊಡುವವರು, ಸರ್ಜನ್ನರು ಒಟ್ಟಿಗೆ ಕೂರಬೇಕು. ಎಡ ಕೋಣೆಯ ಹಿಂಗೋಡೆಯಲ್ಲಿ ಬೆಳೆದರೆ ಕೈಗೇ ಸಿಗುವುದಿಲ್ಲ. ಅದಕ್ಕೆ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಡೆಂಟನ್ ಕೂಲಿ, ಆಮೇಲೆ ಮೈಕಲ್ ರಿಯರ್ಡನ್ ಒಂದು ದಾರಿ ತೆಗೆದರು. ರೋಗಿಯ ಹೃದಯವನ್ನೇ ಬಿಡಿಸಿ ಹೊರಗೆ ತೆಗೆದು, ಐಸ್ ನೀರಿನ ಪಾತ್ರೆಯಲ್ಲಿಟ್ಟು, ಗಡ್ಡೆ ಕತ್ತರಿಸಿ, ದನದ ಹೃದಯಚೀಲದ ತುಂಡಿನಿಂದ ಗೋಡೆ ಕಟ್ಟಿ, ಮತ್ತೆ ಅದೇ ಎದೆಗೆ ಹೊಲಿಯುವುದು. ಮಾಡುವ ಕೇಂದ್ರಗಳು ಬೆರಳೆಣಿಕೆ. ಲಿಂಫೋಮಾ ಎಂಬ ಇನ್ನೊಂದು ಬಗೆಯ ಕ್ಯಾನ್ಸರ್ ಆದರೆ ಕತ್ತರಿಗೆ ಕೆಲಸವೇ ಇಲ್ಲ, ಕೀಮೋದಲ್ಲೇ ಕರಗುತ್ತದೆ. ಬಯಾಪ್ಸಿ ಮೊದಲು ಎಂದು ನಾನು ಮೇಲೆ ಹೇಳಿದ್ದು ಇದಕ್ಕೇ.

ಕೆಳಗಿನಿಂದ ಹತ್ತಿ ಬರುವ ಗಡ್ಡೆಗಳೂ ಇವೆ. ಮೂತ್ರಪಿಂಡದ ಕ್ಯಾನ್ಸರ್ ಅದರ ಸಿರೆಯೊಳಗೆ ನುಗ್ಗಿ, ಹೊಟ್ಟೆಯ ದೊಡ್ಡ ಸಿರೆ ಹಿಡಿದು ಬಲ ಕೋಣೆಯವರೆಗೆ ತಲುಪುತ್ತದೆ. ಗರ್ಭಕೋಶದ ಫೈಬ್ರಾಯ್ಡ್ ಕೂಡ, ಕ್ಯಾನ್ಸರ್ ಅಲ್ಲದಿದ್ದರೂ, ಲಕ್ಷಕ್ಕೊಬ್ಬರಿಗೆಂಬಂತೆ ಅದೇ ದಾರಿ ಹಿಡಿಯುತ್ತದೆ. ಆಗ ಹೊಟ್ಟೆ ತಂಡ, ಎದೆ ತಂಡ ಒಂದೇ ಟೇಬಲ್ಲಿನ ಸುತ್ತ ನಿಲ್ಲಬೇಕಾಗುತ್ತದೆ. ಟಾಟಾದ ಕೆಲಸ, ಹಾರ್ಟ್ ಸರ್ಜನ್ನರ ಕೆಲಸ ಎಂಬ ನನ್ನ ಗೆರೆ ಅಳಿಸಿಹೋಗುವ ಜಾಗ ಅದು.

ಆಮೇಲೆ

ಮಿಕ್ಸೋಮಾ ಆದವರು ಅದೇ ದಿನವೋ ಮರುದಿನವೋ ವೆಂಟಿಲೇಟರಿನಿಂದ ಹೊರಬರುತ್ತಾರೆ. ಒಂದೆರಡು ದಿನ ಐಸಿಯು, ಸುಮಾರು ಒಂದು ವಾರಕ್ಕೆ ಮನೆ. ಅನುಭವಿ ಕೈಯಲ್ಲಿ ಸಾವಿನ ಪ್ರಮಾಣ ನೂರಕ್ಕೆ ಐದಕ್ಕಿಂತ ಕಡಿಮೆ. ಮೊದಲ ದಿನಗಳಲ್ಲಿ ಬಡಿತ ಅಡ್ಡಾದಿಡ್ಡಿ ಆಗುವುದು ಮಾಮೂಲು, ಗಾಬರಿ ಬೇಡ. ಎದೆಮೂಳೆ ಕೂಡಲು ಆರೆಂಟು ವಾರ ಬೇಕು. ಅಲ್ಲಿಯವರೆಗೆ ಭಾರ ಎತ್ತುವಂತಿಲ್ಲ, ಲೋಕಲ್‌ನಲ್ಲಿ ಹ್ಯಾಂಡಲ್ ಹಿಡಿದು ನೇತಾಡುವಂತಿಲ್ಲ. ಆಫೀಸಿಗೆ ಹೋಗಲೇಬೇಕು ಅಂದರೆ ನುಗ್ಗಾಟದ ಹೊತ್ತು ಬಿಟ್ಟು ಹೋಗಿ. ಖಾನಾವಳಿ ಅಕ್ಕನಿಗೆ ರೊಟ್ಟಿ ಬಡಿಯುವುದು ಬೇಡ ಅಂದದ್ದಕ್ಕೆ ಸಿಟ್ಟು ಬಂದಿತ್ತು. ಜ್ವರವೂ ಹೋಯಿತು, ಇಎಸ್ಆರ್ ಕೂಡ ಇಳಿಯಿತು. ಗುಳಿಗೆ ಇಳಿಸದ ಜ್ವರ ಗಡ್ಡೆ ಹೋದ ಮೇಲೆ ತಾನೇ ಇಳಿಯುತ್ತದೆ.

ಖರ್ಚಿನ ಮಾತು. ಖಾಸಗಿಯಲ್ಲಿ ಲಕ್ಷಗಳ ಲೆಕ್ಕ, ಪಾಲಿಕೆ ಆಸ್ಪತ್ರೆಯಲ್ಲಿ ತುಂಬಾ ಕಡಿಮೆ, ಕಾಯುವುದು ಜಾಸ್ತಿ. ಮಹಾರಾಷ್ಟ್ರದ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಇದೆ, ಆಯುಷ್ಮಾನ್ ಕಾರ್ಡ್ ಇದೆ. ನಿಮ್ಮ ರೇಷನ್ ಕಾರ್ಡ್ ಊರಿನದೋ ಇಲ್ಲಿನದೋ ಎಂಬುದರ ಮೇಲೆ ಯಾವುದು ನಡೆಯುತ್ತದೆ ಎಂದು ತೀರ್ಮಾನವಾಗುತ್ತದೆ. ಅಡ್ಮಿಟ್ ಆಗುವ ಮುಂಚೆಯೇ ಆಸ್ಪತ್ರೆಯ ಸಮಾಜ ಸೇವಾ ವಿಭಾಗಕ್ಕೆ ಹೋಗಿ ಕೇಳಿ. ಡಿಸ್ಚಾರ್ಜ್ ದಿನ ಕೇಳಿದರೆ ಯಾರೂ ಏನೂ ಮಾಡಲಾರರು.

ಲ್ಯಾಬಿನ ವರದಿ ಬಂದ ಮೇಲೆ ಫೈಲಿನಲ್ಲಿ ಭದ್ರ ಮಾಡಿ, ಅದನ್ನು ಒಯ್ಯದೆ ಫಾಲೋ-ಅಪ್‌ಗೆ ಹೋಗಬೇಡಿ. ಮಿಕ್ಸೋಮಾ ಮರುಕಳಿಸುವುದು ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಮೂರು ಮಂದಿಗೆ. ಆದರೂ ವರ್ಷಕ್ಕೊಂದು ಎಕೋ ಬೇಕು. ನೂರರಲ್ಲಿ ಐದರಿಂದ ಹತ್ತು ಮಂದಿಗೆ ಇದು ವಂಶದಲ್ಲಿ ಹರಿದು ಬಂದದ್ದು. ಅಮೆರಿಕದ ಮೇಯೋ ಕ್ಲಿನಿಕ್ಕಿನ ಐಡನ್ ಕಾರ್ನಿ 1985ರಲ್ಲಿ ಗುರುತಿಸಿದ ಕಾರ್ನಿ ಕಾಂಪ್ಲೆಕ್ಸ್. ಇಂಥವರ ತುಟಿ, ಕಣ್ಣಿನ ಸುತ್ತ ಚುಕ್ಕೆಚುಕ್ಕೆಯ ಕಪ್ಪು ಮಚ್ಚೆಗಳಿರುತ್ತವೆ, ಗಡ್ಡೆ ಚಿಕ್ಕ ವಯಸ್ಸಿಗೇ ಬರುತ್ತದೆ, ಎರಡು ಮೂರು ಕಡೆ ಬರುತ್ತದೆ, ಮರುಕಳಿಸುವುದೂ ಹೆಚ್ಚು. ರೋಗಿಯ ವಯಸ್ಸು ಇಪ್ಪತ್ತರ ಆಸುಪಾಸು ಇದ್ದರೆ, ಒಂದಕ್ಕಿಂತ ಹೆಚ್ಚು ಗಡ್ಡೆ ಸಿಕ್ಕಿದ್ದರೆ, ಒಡಹುಟ್ಟಿದವರಿಗೂ ಮಕ್ಕಳಿಗೂ ಎಕೋ ಮಾಡಿಸಿ. ಅದಕ್ಕಾಗಿ ಅವರನ್ನು ಮುಂಬೈಗೆ ಕರೆಸಬೇಕಿಲ್ಲ. ಹುಬ್ಬಳ್ಳಿಯಲ್ಲೋ ಮಂಗಳೂರಲ್ಲೋ ಮಾಡಿಸಿ, ರಿಪೋರ್ಟ್‌ನ ಫೋಟೋ ವಾಟ್ಸಾಪ್ ಮಾಡಲು ಹೇಳಿ.